ವಿಟ್‌ಸಂಡೇ ದ್ವೀಪಗಳ ನಡುವೆ ನಾವೇ ಯಾಟ್ ಓಡಿಸುವುದು ಹೇಗೆ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ 74 ವಿಟ್‌ಸಂಡೇ ದ್ವೀಪಗಳಿವೆ. ಲೈಸೆನ್ಸ್ ಇಲ್ಲದಿದ್ದರೂ ಇಲ್ಲಿ ಯಾಟ್, ಅಂದರೆ ಹಾಯಿದೋಣಿ, ಬಾಡಿಗೆಗೆ ಸಿಗುತ್ತದೆ, ನೀವೇ ಓಡಿಸಬಹುದು. ಇದಕ್ಕೆ ಬೇರ್‌ಬೋಟ್ ಅಂತಾರೆ. ಹಾಗಂತ ಹಾಯಿ ಮುಟ್ಟಿಯೇ ಗೊತ್ತಿಲ್ಲದವರು ಸುಮ್ನೆ ಹೊರಡಬೇಡಿ. ಮೊದಲ ಒಂದೆರಡು ದಿನಕ್ಕೆ ಬೋಟ್ ಓಡಿಸಲು ಬಲ್ಲ ಸ್ಕಿಪ್ಪರ್ ಒಬ್ಬರನ್ನು ಜೊತೆಗೆ ಇಟ್ಟುಕೊಳ್ಳಿ. ಆ ದುಡ್ಡು ಖಂಡಿತ ದಂಡ ಅಲ್ಲ.

ಹೋಗುವ ಕಾಲ ಮೊದಲು ಗೊತ್ತು ಮಾಡಿಕೊಳ್ಳಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, ವಿಷದ ಲೋಳೆಮೀನುಗಳ ಕಾಟವೂ ಆಗಲೇ ಜಾಸ್ತಿ, ಮೈತುಂಬ ಸ್ಟಿಂಗರ್ ಸೂಟ್ ಹಾಕದೆ ನೀರಿಗೆ ಇಳಿಯುವ ಹಾಗಿಲ್ಲ. ಜುಲೈನಿಂದ ಸೆಪ್ಟೆಂಬರ್ ಒಳ್ಳೆಯದು. ಹಂಪ್‌ಬ್ಯಾಕ್ ತಿಮಿಂಗಿಲಗಳೂ ಕಾಣುತ್ತವೆ, ಆದರೆ ಬೋಟನ್ನು 300 ಮೀಟರ್ ದೂರದಲ್ಲೇ ಇಡಬೇಕು.

ಊರಿಂದ ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯುವವರು ವಿಮಾನದಲ್ಲಿ ಕೊಡುವ ಫಾರ್ಮ್‌ನಲ್ಲಿ ತಪ್ಪದೆ ಬರೆಯಿರಿ. ಹಸಿ ಕರಿಬೇವನ್ನು ಮಾತ್ರ ಮನೆಯಲ್ಲೇ ಬಿಟ್ಟುಬಿಡಿ. ಅಕ್ಕಿ, ತರಕಾರಿಯನ್ನೆಲ್ಲ ಬೋಟ್ ಹೊರಡುವ ಕರಾವಳಿ ಊರಾದ ಏರ್ಲಿ ಬೀಚ್‌ನಲ್ಲೇ ಕೊಂಡು ಬೋಟಿಗೆ ತುಂಬಿಸಿ.

ಈಗ ಮುಖ್ಯ ವಿಷಯ. ಹೆಚ್ಚಿನವರು ಯಾವ ಬೀಚ್ ನೋಡಬೇಕು ಅಂತ ಪಟ್ಟಿ ಮಾಡಿ, ರಾತ್ರಿ ಎಲ್ಲಾದರೂ ನಿಂತರಾಯಿತು ಅಂದುಕೊಳ್ಳುತ್ತಾರೆ. ಉಲ್ಟಾ ಮಾಡಿ. ಇವತ್ತು ರಾತ್ರಿ ಎಲ್ಲಿ ಲಂಗರು ಹಾಕುವುದು ಅನ್ನೋದನ್ನು ಮೊದಲು ನಿರ್ಧರಿಸಿ, ಹಗಲಿನ ತಿರುಗಾಟ ಆಮೇಲೆ. ಯಾಕೆಂದರೆ ಸಂಜೆ 4 ಗಂಟೆಯೊಳಗೆ ಬೋಟ್ ನಿಂತಿರಬೇಕು ಅನ್ನೋದು ಇಲ್ಲಿಯ ಬಾಡಿಗೆ ಬೋಟುಗಳ ನಿಯಮ. ಬಿಸಿಲು ನೆತ್ತಿಯ ಮೇಲಿದ್ದಾಗ ಹವಳ ಕಂದಾಗಿ, ಮರಳು ತಿಳಿಹಸಿರಾಗಿ ಬೇರೆಬೇರೆ ಕಾಣುತ್ತವೆ. ಸೂರ್ಯ ವಾಲಿದ ಮೇಲೆ ನೀರೆಲ್ಲ ಬರೀ ಹೊಳಪು, ಕೆಳಗೇನಿದೆ ಗೊತ್ತಾಗುವುದಿಲ್ಲ. ಯಾಟ್ ಗಂಟೆಗೆ ಐದಾರು ನಾಟಿಕಲ್ ಮೈಲಿಯಷ್ಟೇ ಹೋಗುವುದು, ಹಾಗಾಗಿ 15 ಮೈಲಿಗೆ ಮೂರು ಗಂಟೆ ಹಿಡಿಯಿರಿ.

ಜಾಗ ಆರಿಸುವುದು ಗಾಳಿ ನೋಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯ ಗಾಳಿಯದ್ದೇ ಜೋರು, ಆಗ ಹುಕ್ ದ್ವೀಪದ ಉತ್ತರಕ್ಕಿರುವ ಬಟರ್‌ಫ್ಲೈ ಬೇ ಎಂಬ ಕೊಲ್ಲಿಗೆ ಗಾಳಿ ಅಷ್ಟಾಗಿ ತಟ್ಟುವುದಿಲ್ಲ. ಮೊದಲ ರಾತ್ರಿಗೆ ಅದೇ ದ್ವೀಪದ ದಕ್ಷಿಣದ ನಾರಾ ಇನ್ಲೆಟ್ ಸಲೀಸು, ಉದ್ದಕ್ಕೆ ಒಳಗೆ ಚಾಚಿದೆ, ನೀರು ಶಾಂತ. ದಡಕ್ಕೆ ಹೋಗಿ ಮೇಲೆ ಹತ್ತಿದರೆ ಸಾವಿರಾರು ವರ್ಷ ಇಲ್ಲಿ ಬಾಳಿದ ನ್ಗಾರೋ ಜನರ ಗುಹೆಚಿತ್ರಗಳಿವೆ. ದಯವಿಟ್ಟು ಮುಟ್ಟಬೇಡಿ. ಪಕ್ಕದ ವಿಟ್‌ಸಂಡೇ ದ್ವೀಪದ ಸಿಡ್ ಹಾರ್ಬರ್‌ನಲ್ಲಿ ನಿಲ್ಲಬಹುದು, ಈಜಬೇಡಿ. 2018ರಲ್ಲಿ ಅಲ್ಲಿ ಶಾರ್ಕ್ ದಾಳಿಗಳಾಗಿವೆ, ಒಬ್ಬರು ಸತ್ತಿದ್ದಾರೆ.

ಲಂಗರು ಹಾಕುವಾಗ ಲೆಕ್ಕ ಹೀಗೆ. ಈಗ ಆಳ 5 ಮೀಟರ್ ಇದೆ, ಉಬ್ಬರಕ್ಕೆ ಇನ್ನೂ 3 ಮೀಟರ್ ಏರುತ್ತದೆ, ಬೋಟಿನ ಮೂತಿ ನೀರಿಂದ 1 ಮೀಟರ್ ಮೇಲಿದೆ ಅಂದುಕೊಳ್ಳಿ. ಒಟ್ಟು 9. ಅದರ ಐದು ಪಟ್ಟು, ಅಂದರೆ 45 ಮೀಟರ್ ಸರಪಳಿ ಬಿಡಿ. ಉಬ್ಬರ ಮರೆತು 25 ಮೀಟರಿಗೇ ನಿಲ್ಲಿಸಿದರೆ ಮಧ್ಯರಾತ್ರಿ ಬೋಟ್ ಜಾರುವ ಅಪಾಯ ಇದೆ. ಸರಪಳಿ ಬಿಟ್ಟಾದ ಮೇಲೆ ಎಂಜಿನ್ ರಿವರ್ಸ್‌ಗೆ ಹಾಕಿ ಬೋಟನ್ನು ನಿಧಾನಕ್ಕೆ ಹಿಂದಕ್ಕೆ ಎಳೆದು, ದಡದ ಮರ, ಬಂಡೆಯಂಥ ಎರಡು ಗುರುತು ಒಂದರಿಂದೊಂದು ಸರಿದಂತೆ ಕಾಣುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬಿಳಿ ಪಿರಮಿಡ್ ಆಕಾರದ ಬೋಯಾ (ತೇಲುವ ಗುರುತು) ಕಂಡರೆ ಅದರಾಚೆ ದಡದ ಕಡೆ ಹವಳವಿದೆ, ಅಲ್ಲಿ ಲಂಗರು ಹಾಕಲೇಬಾರದು. ಒಮ್ಮೆ ಮುರಿದ ಹವಳ ಮತ್ತೆ ಬೆಳೆಯಲು ಎಷ್ಟೋ ವರ್ಷ ಬೇಕು.

ವೈಟ್‌ಹೇವನ್ ಬೀಚ್ ಹೆಚ್ಚುಕಡಿಮೆ 7 ಕಿಲೋಮೀಟರ್ ಬಿಳಿ ಮರಳು, ಬಿಡುವ ಮಾತೇ ಇಲ್ಲ. ಅದರ ಉತ್ತರದ ತುದಿಯ ಹಿಲ್ ಇನ್ಲೆಟ್‌ನಲ್ಲಿ ಮರಳಿನ ಸುಳಿಗಳು ಇಳಿತದ ಹೊತ್ತಿಗೇ ಚೆಂದ ಕಾಣುವುದು. ಆದರೆ ಅದನ್ನು ನೋಡಲು ದಡಕ್ಕಿಳಿಯುವ ಟಂಗ್ ಬೇಯಲ್ಲಿ ಪೂರ್ತಿ ಇಳಿದ ನೀರಲ್ಲಿ ಡಿಂಗಿ, ಅಂದರೆ ಯಾಟ್ ಜೊತೆಗಿನ ಪುಟ್ಟ ದೋಣಿ, ದಡ ಸೇರಿಸುವುದು ಕಷ್ಟ, ಹವಳ ಮೇಲೆದ್ದಿರುತ್ತದೆ. ನೀರು ಇನ್ನೂ ಇಳಿಯುತ್ತಿರುವಾಗಲೇ ಡಿಂಗಿಯಲ್ಲಿ ಹೋಗಿ ಬೇಗ ವಾಪಸ್ ಬನ್ನಿ.

ಬಾಡಿಗೆ ಕೊಟ್ಟವರು ರೇಡಿಯೋದಲ್ಲಿ ದಿನಕ್ಕೆರಡು ಸಲ ವಿಚಾರಿಸುತ್ತಾರೆ, ಹವಾಮಾನವನ್ನೂ ಹೇಳುತ್ತಾರೆ. ಬರೆದುಕೊಳ್ಳಿ. ಕೊನೆಯ ರಾತ್ರಿಯ ಜಾಗ ಏರ್ಲಿ ಬೀಚ್‌ಗೆ ಹತ್ತಿರವಿರಲಿ, ಮರುದಿನ ಬೆಳಗ್ಗೆಯೇ ಬೋಟ್ ಒಪ್ಪಿಸಬೇಕಲ್ವಾ, ಎದುರುಗಾಳಿ ಬಂದರೂ ಹೊತ್ತಿಗೆ ಸರಿಯಾಗಿ ತಲುಪಬಹುದು.