ಪುಣೆಗೆ ಹೊರಟಿದ್ದೀರಾ? ಮನೆ ಎಲ್ಲಿ ಮಾಡಬೇಕು ಅಂತ ಹೀಗೆ ನೋಡಿ

ಹೊಸ ಕೆಲಸದ ಪತ್ರ ಕೈಗೆ ಬಂದ ದಿನವೇ ಮೊಬೈಲಿನಲ್ಲಿ ಮನೆ ಹುಡುಕಾಟ ಶುರುವಾಗುತ್ತದೆ. ಆಫೀಸು ಪುಣೆಯ ಹಿಂಜವಡಿ ಐಟಿ ಪಾರ್ಕಿನಲ್ಲಿ, ಹಾಗಾದರೆ ಮನೆಯೂ ಹಿಂಜವಡಿಯಲ್ಲಿ. ಗಂಡ ಹೆಂಡತಿ ಇಬ್ಬರೇ ಇದ್ದರೆ ಈ ಲೆಕ್ಕ ನಡೆಯುತ್ತದೆ. ಜೊತೆಗೆ ಮೂರು ವರ್ಷದ ಒಂದು, ಒಂದನೇ ಕ್ಲಾಸಿಗೆ ಹೋಗಬೇಕಾದ ಇನ್ನೊಂದು ಮಗು ಇದ್ದರೆ ನಡೆಯುವುದಿಲ್ಲ. ದೊಡ್ಡವರು ಟ್ರಾಫಿಕ್‌ನಲ್ಲಿ ಒಂದು ಗಂಟೆ ಹೇಗೋ ಕಳೆಯುತ್ತಾರೆ. ಆರು ವರ್ಷದ ಮಗು ಶಾಲೆ ವ್ಯಾನಿನಲ್ಲಿ ಅಷ್ಟೇ ಹೊತ್ತು ಕೂತು ಬಂದರೆ ಸಂಜೆ ಇಡೀ ಮನೆಗೆ ಅದರ ಬಿಸಿ ತಟ್ಟುತ್ತದೆ.

ಆದ್ದರಿಂದ ಆಫೀಸಿನಿಂದ ಹುಡುಕಾಟ ಶುರು ಮಾಡಬೇಡಿ. ಮೊದಲು ನೀರು ನೋಡಿ, ಆಮೇಲೆ ಶಾಲೆ, ಕೊನೆಗೆ ಆಫೀಸು. ಕರ್ನಾಟಕದಿಂದ ಪುಣೆಗೆ ಹೋಗುವ ಕುಟುಂಬಗಳು ಬಹಳ, ಅದಕ್ಕೆ ಇಲ್ಲಿ ಪುಣೆಯನ್ನೇ ಹಿಡಿದು ಹೇಳುತ್ತೇನೆ. ಹೈದರಾಬಾದಿಗೋ ಚೆನ್ನೈಗೋ ಹೊರಟವರು ಬಡಾವಣೆಗಳ ಹೆಸರು ಬದಲಿಸಿಕೊಂಡರೂ ಕೇಳಬೇಕಾದ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

1. ನಕ್ಷೆಯ ಮೇಲೆ ಊರನ್ನು ಎರಡು ಭಾಗ ಮಾಡಿ

ಪುಣೆ ಅಂತ ನಾವು ಒಂದೇ ಹೆಸರಲ್ಲಿ ಕರೆಯುವ ಊರಿಗೆ ಎರಡು ಮಹಾನಗರ ಪಾಲಿಕೆಗಳಿವೆ. ಒಂದು ಪುಣೆಯದು, ಇನ್ನೊಂದು ಪಿಂಪ್ರಿ–ಚಿಂಚ್‌ವಡ್‌ನದು. ಗಾಡಿ ನಂಬರಿನಲ್ಲೇ ಗೊತ್ತಾಗುತ್ತದೆ: ಎಂಎಚ್ 12 ಪುಣೆ, ಎಂಎಚ್ 14 ಪಿಂಪ್ರಿ–ಚಿಂಚ್‌ವಡ್. ಬಾಣೇರ್, ಬಾಲೇವಾಡಿ, ಔಂಧ್, ಕೋಥ್ರೂಡ್, ಖರಾಡಿ, ಹಡಪ್ಸರ್ ಪುಣೆ ಪಾಲಿಕೆಗೆ ಸೇರಿವೆ. ವಾಕಡ್, ಪಿಂಪಳೆ ಸೌದಾಗರ್, ನಿಗಡಿ ಪಿಂಪ್ರಿ–ಚಿಂಚ್‌ವಡ್‌ಗೆ. ನೀರು, ಕಸ, ರಸ್ತೆ, ಆಸ್ತಿ ತೆರಿಗೆ ಎಲ್ಲವೂ ಇದರ ಮೇಲೆ ನಿಂತಿದೆ. ಬ್ರೋಕರ್ ಮಾತ್ರ ಎಲ್ಲವನ್ನೂ "ಬಾಣೇರ್ ಹತ್ತಿರ" ಅಂತಲೇ ಹೇಳುತ್ತಾನೆ.

ಕೆಲಸದ ಜಾಗಗಳೂ ಎರಡು ದಿಕ್ಕಿಗಿವೆ. ಪಶ್ಚಿಮಕ್ಕೆ ಹಿಂಜವಡಿಯ ಐಟಿ ಪಾರ್ಕ್, ಪೂರ್ವಕ್ಕೆ ಖರಾಡಿ, ವಿಮಾನ್ ನಗರ, ಮಗರಪಟ್ಟಾ. ಗಂಡನ ಕೆಲಸ ಒಂದು ಕಡೆ, ಹೆಂಡತಿಯದು ಇನ್ನೊಂದು ಕಡೆ ಆದರೆ ನಡುವೆ ಶಿವಾಜಿನಗರದಲ್ಲಿ ಮನೆ ಮಾಡೋಣ ಅನ್ನಿಸುವುದು ಸಹಜ. ಹಾಗೆ ಮಾಡಿದರೆ ಇಬ್ಬರಿಗೂ ದೂರ. ಯಾರು ವಾರದಲ್ಲಿ ಜಾಸ್ತಿ ದಿನ ಮನೆಯಿಂದ ಕೆಲಸ ಮಾಡುತ್ತಾರೋ ಅವರ ಆಫೀಸನ್ನು ದೂರಕ್ಕೆ ಬಿಟ್ಟು, ಇನ್ನೊಬ್ಬರ ಕಡೆ ಮನೆ ಮಾಡುವುದೇ ಮೇಲು.

ಮೆಟ್ರೊ ವಿಷಯದಲ್ಲಿ ಒಂದು ಎಚ್ಚರ. ಪಿಂಪ್ರಿ–ಚಿಂಚ್‌ವಡ್‌ನಿಂದ ಸ್ವಾರಗೇಟ್, ವನಾಝ್‌ನಿಂದ ರಾಮವಾಡಿ, ಈ ಎರಡು ಮಾರ್ಗಗಳನ್ನು ಧೈರ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಹಿಂಜವಡಿಯಿಂದ ಶಿವಾಜಿನಗರದ ಸುಮಾರು 23 ಕಿ.ಮೀ. ಮಾರ್ಗದ ಗಡುವು ಹಲವು ಸಲ ಮುಂದೆ ಹೋಗಿದೆ. ಆದರೂ ಬಿಲ್ಡರ್‌ಗಳ ಜಾಹೀರಾತಿನಲ್ಲಿ ಅದು ಎಂದೋ ಓಡಲು ಶುರುವಾಗಿತ್ತು! ಬಾಡಿಗೆ ಕೊಡುವ ದಿನ ನೀವೇ ಹತ್ತಿ ಇಳಿಯಬಹುದಾದ ರೈಲಿಗೆ ಮಾತ್ರ ಬೆಲೆ ಕಟ್ಟಿ.

2. ನೀರು ಎಲ್ಲಿಂದ ಬರುತ್ತದೆ ಅಂತ ಕೇಳಿ

ಇದನ್ನು ಎಷ್ಟೋ ಜನ ಕೇಳುವುದೇ ಇಲ್ಲ. ಈಜುಕೊಳ ಇದೆಯಾ ಅಂತ ಕೇಳುತ್ತಾರೆ.

ಪುಣೆ ಪಾಲಿಕೆಗೆ ನೀರು ಹೆಚ್ಚಾಗಿ ಬರುವುದು ಖಡಕವಾಸ್ಲಾ, ಪಾನಶೇತ್, ವರಸಗಾಂವ್, ಟೆಮಘರ್ ಅಣೆಕಟ್ಟುಗಳಿಂದ. ಪಿಂಪ್ರಿ–ಚಿಂಚ್‌ವಡ್‌ಗೆ ಮುಖ್ಯವಾಗಿ ಪವನಾ ಅಣೆಕಟ್ಟಿನಿಂದ. ಅಲ್ಲಿ 2019ರ ಕೊನೆಯಲ್ಲಿ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ಬಂತು, ಆಮೇಲೆ ವರ್ಷಗಟ್ಟಲೆ ಹಾಗೇ ಮುಂದುವರಿಯಿತು. ಪುಣೆ ಪಾಲಿಕೆಯ ಕಡೆ ದುರಸ್ತಿಗೆ ಅಂತ ಗುರುವಾರ ನೀರು ನಿಲ್ಲಿಸುವುದು ಮಾಮೂಲು. ದೊಡ್ಡ ಸಂಪ್ ಇರುವ ಸೊಸೈಟಿಯಲ್ಲಿ ಇದರ ಬಿಸಿ ತಟ್ಟುವುದಿಲ್ಲ. ಚಿಕ್ಕ ಕಟ್ಟಡದಲ್ಲಿ ಖಂಡಿತ ತಟ್ಟುತ್ತದೆ.

ನಿಜವಾದ ತೊಂದರೆ ಊರಿನ ಅಂಚಿನಲ್ಲಿದೆ. ಪುಣೆ ಪಾಲಿಕೆಗೆ 2017ರಲ್ಲಿ 11 ಹಳ್ಳಿ, 2021ರಲ್ಲಿ 23 ಹಳ್ಳಿ ಸೇರಿದವು. ವಾಘೋಲಿ ಹೀಗೆ ಸೇರಿದ್ದು. ಅಪಾರ್ಟ್‌ಮೆಂಟ್‌ಗಳು ಬೇಗ ಎದ್ದವು, ಪೈಪುಗಳು ಹಿಂದೆ ಬಿದ್ದವು. ಇಂಥ ಕಡೆ ಬಾಡಿಗೆ ಅಗ್ಗ, ಆದರೆ ಟ್ಯಾಂಕರ್ ಖರ್ಚು ಮೇಂಟೆನೆನ್ಸ್ ಬಿಲ್ಲಿನೊಳಗೆ ಸದ್ದಿಲ್ಲದೆ ಬಂದು ಕೂರುತ್ತದೆ.

ಖರ್ಚಾದರೆ ಹೇಗೋ ಆಯಿತು, ಮಕ್ಕಳಿರುವ ಮನೆಗೆ ನೀರಿನ ಗುಣದ ಚಿಂತೆಯೇ ಜಾಸ್ತಿ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಿರ್ಕಟ್‌ವಾಡಿ, ನಾಂದೇಡ್ ಗಾಂವ್, ಧಾಯರಿ ಸುತ್ತಮುತ್ತ ಗಿಯಾನ್ ಬಾರೆ ಸಿಂಡ್ರೋಮ್ ಕಾಣಿಸಿಕೊಂಡದ್ದು ನೆನಪಿರಬಹುದು. ಕೈಕಾಲಿನ ಶಕ್ತಿ ಕುಂದಿಸುವ ನರಗಳ ಕಾಯಿಲೆ ಅದು. ರೋಗಿಗಳ ಮಾದರಿಗಳಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಅನುಮಾನ ಕುಡಿಯುವ ನೀರಿನ ಮೇಲೆ ಬಿತ್ತು. ಆ ಕಡೆ ಮನೆ ಮಾಡಲೇಬಾರದು ಅಂತಲ್ಲ. ಆದರೆ ವಾಚ್‌ಮನ್‌ಗೆ ಈ ಮೂರು ಪ್ರಶ್ನೆ ಕೇಳದೆ ಅಡ್ವಾನ್ಸ್ ಕೊಡಬೇಡಿ. ಪಾಲಿಕೆ ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ? ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ತರಿಸುತ್ತೀರಿ? ಸಂಪ್ ಕೊನೆಯ ಸಲ ತೊಳೆದದ್ದು ಯಾವಾಗ? ಇದನ್ನೆಲ್ಲ ಮಾಲೀಕರನ್ನು ಕೇಳಿ ಪ್ರಯೋಜನವಿಲ್ಲ. ಅವರಲ್ಲಿ ಅರ್ಧ ಜನ ಆ ಮನೆಯಲ್ಲಿ ಒಂದು ದಿನವೂ ಇದ್ದಿರುವುದಿಲ್ಲ.

3. ಶಾಲೆ: ವಯಸ್ಸಿನ ಲೆಕ್ಕ, ಮರಾಠಿ, ಟಿ.ಸಿ.

ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮ ಎರಡೂ ರಾಜ್ಯಗಳಲ್ಲಿದೆ. ತಾರೀಖು ಮಾತ್ರ ಬೇರೆ. ಕರ್ನಾಟಕದಲ್ಲಿ ಜೂನ್ 1ಕ್ಕೆ ಆರು ತುಂಬಿರಬೇಕು (2025–26ನೇ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಇಳಿಸಿದ್ದರು). ಮಹಾರಾಷ್ಟ್ರದಲ್ಲಿ ಆ ವರ್ಷದ ಡಿಸೆಂಬರ್ 31ರ ಹೊತ್ತಿಗೆ ತುಂಬಿದರೆ ಸಾಕು. 2020ರ ಅಕ್ಟೋಬರ್‌ನಲ್ಲಿ ಹುಟ್ಟಿದ ಮಗುವಿಗೆ ಅಲ್ಲಿ 2026ರಲ್ಲೇ ಒಂದನೇ ಕ್ಲಾಸು, ಇಲ್ಲಿ 2027ರಲ್ಲಿ. ಒಂದು ವರ್ಷ ಉಳಿಯಿತು ಅಂತ ಖುಷಿಪಡುವ ಮೊದಲು ಯೋಚಿಸಿ. ಹೊಸ ಊರು, ಹೊಸ ಭಾಷೆ, ಅದರ ಮೇಲೆ ತನಗಿಂತ ದೊಡ್ಡ ಮಕ್ಕಳ ನಡುವೆ ಕೂರುವುದು. ಯುಕೆಜಿಯಲ್ಲೇ ಇನ್ನೊಂದು ವರ್ಷ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಮರಾಠಿಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ತಪ್ಪಿಸಿಕೊಳ್ಳುವ ಅಗತ್ಯವೂ ಇಲ್ಲ. 2020ರ ಕಾನೂನಿನ ಪ್ರಕಾರ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಮರಾಠಿ ಕಲಿಸಲೇಬೇಕು. ಎರಡನೇ ಕ್ಲಾಸಿನೊಳಗೆ ಸೇರಿದ ಮಗುವಿಗೆ ಇದು ಆಟದ ಹಾಗೆ ಬರುತ್ತದೆ. ಐದನೇ ಕ್ಲಾಸಿಗೆ ಹೊಸದಾಗಿ ಸೇರುವ ಮಗುವಿಗೆ ಕಷ್ಟ. ಮೊದಲ ವರ್ಷ ಹೇಗೆ ನಡೆಸಿಕೊಳ್ಳುತ್ತೀರಿ ಅಂತ ಶಾಲೆಯವರನ್ನು ನೇರವಾಗಿ ಕೇಳಿ. ಕನ್ನಡದ ನಂಟು ಬೇಕೆನ್ನುವವರು ಪುಣೆ ಕನ್ನಡ ಸಂಘದ ವಿಳಾಸ ಇಟ್ಟುಕೊಳ್ಳಿ. ಎರಂಡವಣೆ ಕಡೆ ಸಂಘವೇ ನಡೆಸುವ ಶಾಲೆಗಳೂ ಇವೆ. ಕನ್ನಡ ಓದು, ಬರಹ ಮಾತ್ರ ಹೆಚ್ಚಾಗಿ ಮನೆಯಲ್ಲೇ ಆಗಬೇಕು.

ಹೆಸರಾಂತ ಖಾಸಗಿ ಶಾಲೆಗಳಲ್ಲಿ ನರ್ಸರಿ ಸೀಟುಗಳ ಓಡಾಟ ಹಿಂದಿನ ವರ್ಷದ ದೀಪಾವಳಿ ಹೊತ್ತಿಗೇ ಶುರುವಾಗಿರುತ್ತದೆ. ಮೇ ತಿಂಗಳಲ್ಲಿ ಊರು ಬದಲಿಸುವವರಿಗೆ ಉಳಿದ ಸೀಟುಗಳೇ ಗತಿ. ಆದ್ದರಿಂದ ಸೀಟು ಸಿಕ್ಕ ಶಾಲೆಯ ಸುತ್ತ ಮನೆ ಹುಡುಕಿ. ಶಾಲೆಯಿಂದ ಮೂರು ಕಿ.ಮೀ. ಒಳಗೆ ಮನೆ ಇದ್ದರೆ ಬಸ್ ತಪ್ಪಿದ ದಿನವೂ ಮಗುವನ್ನು ಸ್ಕೂಟರ್‌ನಲ್ಲಿ ಬಿಟ್ಟು ಬರಬಹುದು.

ಟಿ.ಸಿ. ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಬೇರೆ ರಾಜ್ಯಕ್ಕೆ ಹೋಗುವ ಟಿ.ಸಿ.ಗೆ ಬಿಇಒ ಕಚೇರಿಯ ಮೇಲುಸಹಿ ಕೇಳುವುದು ಸಾಮಾನ್ಯ. ಊರು ಬಿಟ್ಟ ಮೇಲೆ ಆ ಒಂದು ಸಹಿಗಾಗಿ ವಾಪಸ್ ಬರುವುದು ಯಾರಿಗೆ ಬೇಕು? ಟಿ.ಸಿ. ಕೈಗೆ ಬಂದ ವಾರವೇ ಹಾಕಿಸಿಬಿಡಿ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸುವವರಿಗೆ ಒಂದು ಅನುಕೂಲವಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿವರೆಗೆ ಟಿ.ಸಿ. ತಡವಾಯಿತು ಅಂತ ಆ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ.

ಇನ್ನೂ ದೂರದ ಒಂದು ವಿಷಯ. ಮುಂದೆ ಮಗು ಕರ್ನಾಟಕದಲ್ಲಿ ಸಿಇಟಿ ಬರೆಯುವುದಾದರೆ ಮುಖ್ಯ ಅರ್ಹತೆ 1ರಿಂದ 12ನೇ ತರಗತಿಯೊಳಗೆ ಏಳು ವರ್ಷ ಇಲ್ಲಿ ಓದಿರಬೇಕು ಅನ್ನುವುದು. ತಂದೆ ತಾಯಿಯ ಓದು, ನೌಕರಿ ಆಧಾರದ ಬೇರೆ ಕಲಂಗಳೂ ಇವೆ, ನಿಮ್ಮ ಹಳೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಎಸೆಯಬೇಡಿ. ಮಹಾರಾಷ್ಟ್ರದಲ್ಲಿ ಡೊಮಿಸೈಲ್ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 15 ವರ್ಷದ ವಾಸ ಬೇಕು. ಪರಿಶಿಷ್ಟ ಜಾತಿ, ಪಂಗಡದವರು ಇನ್ನೊಂದನ್ನು ಗಮನಿಸಬೇಕು: ವಲಸೆ ಹೋದ ರಾಜ್ಯದ ಮೀಸಲಾತಿ ಅವರಿಗೆ ಸಿಗುವುದಿಲ್ಲ. ಮಗು ಎಂಟನೆಯದೋ ಒಂಬತ್ತನೆಯದೋ ಓದುವಾಗ ಈ ಮಾತುಗಳು ಮತ್ತೆ ಎದುರಿಗೆ ಬರುತ್ತವೆ.

4. ಅಜ್ಜಿ ಬರುವ ದಾರಿ

ಚಿಕ್ಕ ಮಕ್ಕಳ ಮನೆ ನಡೆಯುವುದು ಅಜ್ಜಿ, ತಾತಂದಿರ ಬಲದಿಂದ. ಅವರು ಯಾವ ದಾರಿಯಲ್ಲಿ ಬರುತ್ತಾರೆ ಅಂತ ಮನೆ ನೋಡುವಾಗಲೇ ಯೋಚಿಸಿ. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬರುವ ರಾತ್ರಿ ಬಸ್ಸುಗಳು ಕಾತ್ರಜ್ ಘಾಟಿನ ಕಡೆಯಿಂದ ಪುಣೆ ಮುಟ್ಟುತ್ತವೆ. ಮುಂಬೈಗೆ ಹೋಗುವವು ವಾರಜೆ, ಬಾವಧನ್, ಬಾಣೇರ್, ವಾಕಡ್ ಪಕ್ಕದ ಬೈಪಾಸ್ ಹಿಡಿಯುತ್ತವೆ. ಪಶ್ಚಿಮದಲ್ಲಿ ಮನೆ ಇದ್ದರೆ ಅಜ್ಜಿ ಇಳಿದು ಹತ್ತು ಹದಿನೈದು ನಿಮಿಷಕ್ಕೆ ಮನೆ ಸೇರುತ್ತಾರೆ. ಖರಾಡಿ, ವಾಘೋಲಿ ಆದರೆ ಊರು ದಾಟಿ ಹೋಗಬೇಕು. ವಿಮಾನದಲ್ಲಿ ಬರುವವರಿಗೆ ಲೆಕ್ಕ ಉಲ್ಟಾ, ಲೋಹಗಾಂವ್ ನಿಲ್ದಾಣ ಪೂರ್ವದಲ್ಲಿದೆ. ಹುಬ್ಬಳ್ಳಿಯಿಂದ ಪುಣೆಗೆ 2024ರ ಸೆಪ್ಟೆಂಬರ್‌ನಲ್ಲಿ ವಂದೇ ಭಾರತ್ ಕೂಡ ಶುರುವಾಯಿತು. ಧಾರವಾಡ, ಬೆಳಗಾವಿ, ಮೀರಜ್, ಸಾತಾರಾ ಮೇಲೆ ಬರುತ್ತದೆ, ವಯಸ್ಸಾದವರಿಗೆ ರಾತ್ರಿ ಬಸ್ಸಿಗಿಂತ ವಾಸಿ.

ಅಜ್ಜಿ ಬರುವ ಹಾಗಿಲ್ಲ, ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ ಅಂದರೆ ಡೇಕೇರ್ ಹುಡುಕುವ ಮೊದಲು ಕಂಪನಿಯನ್ನು ಕೇಳಿ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಸೌಲಭ್ಯ ಇರಬೇಕು ಅಂತ ಕಾನೂನು ಹೇಳುತ್ತದೆ. ಅದು ಎಲ್ಲಿದೆ, ಎಷ್ಟು ಗಂಟೆವರೆಗೆ ತೆರೆದಿರುತ್ತದೆ ಅನ್ನುವುದನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ.

5. ಭಾನುವಾರ ಮನೆ ನೋಡಬೇಡಿ

ಭಾನುವಾರ ಬೆಳಿಗ್ಗೆ ಎಲ್ಲ ಬಡಾವಣೆಗಳೂ ಚೆನ್ನಾಗಿ ಕಾಣುತ್ತವೆ. ವಾರದ ನಡುವೆ ಹೋಗಿ. ಬೆಳಿಗ್ಗೆ ಶಾಲೆ ಬಸ್ಸಿನ ಹೊತ್ತಿಗೆ ಸೊಸೈಟಿ ಗೇಟಿನ ಹತ್ತಿರ ನಿಲ್ಲಿ, ಮಕ್ಕಳು ಯಾವ ಶಾಲೆಗಳಿಗೆ ಹೋಗುತ್ತಿದ್ದಾರೆ ಅಂತ ಸಮವಸ್ತ್ರದಲ್ಲೇ ಗೊತ್ತಾಗುತ್ತದೆ. ಸಂಜೆ ಏಳಕ್ಕೆ ಆಫೀಸಿನಿಂದ ಮನೆಗೆ ಒಂದು ಸಲ ಬನ್ನಿ, ಹಿಂಜವಡಿ ಕಡೆಯವರಾದರೆ ಟ್ರಾಫಿಕ್‌ಗೆ ಹೆಸರಾದ ಭೂಮಕರ್ ಚೌಕದ ಮೇಲೇ ಬನ್ನಿ. ಮನೆಯಿಂದ ಹಾಗೆಯೇ ಮಕ್ಕಳ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು ನೋಡಿ. ಸರ್ಕಾರಿ ಆಸ್ಪತ್ರೆ ಬೇಕೆನ್ನುವವರಿಗೆ ಪುಣೆ ನಿಲ್ದಾಣದ ಬಳಿ ಸಸೂನ್, ಪಿಂಪ್ರಿ ಕಡೆ ಪಾಲಿಕೆಯ ವೈಸಿಎಂ ಇವೆ. ತಾಯಿ ಕಾರ್ಡ್ ಜೊತೆಗಿರಲಿ. ಸಾರ್ವತ್ರಿಕ ಲಸಿಕಾ ಪಟ್ಟಿ ದೇಶಕ್ಕೆಲ್ಲ ಹೆಚ್ಚುಕಮ್ಮಿ ಒಂದೇ, ಬಾಕಿ ಡೋಸನ್ನು ಅಲ್ಲಿನ ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಹಾಕಿಸಬಹುದು.

6. ಬಾಡಿಗೆ ಕರಾರು

ನಮ್ಮಲ್ಲಿ 11 ತಿಂಗಳ ಕರಾರನ್ನು ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿ ಮುಗಿಸುತ್ತೇವೆ. ಮಹಾರಾಷ್ಟ್ರದಲ್ಲಿ ಅದು ನಡೆಯುವುದಿಲ್ಲ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ಅಲ್ಲಿ ಮನೆ ಬಾಡಿಗೆಗೆ ಮಾಡುವುದು ಇದನ್ನೇ) 11 ತಿಂಗಳದ್ದಾದರೂ ನೋಂದಣಿ ಆಗಬೇಕು. ಅದು ಮಾಲೀಕರ ಹೊಣೆ. ಏಜೆಂಟರು ಬೆರಳಚ್ಚಿನ ಯಂತ್ರ ಹಿಡಿದು ಮನೆಗೇ ಬರುತ್ತಾರೆ, ಎಲ್ಲ ಆನ್‌ಲೈನ್. "ಸುಮ್ನೆ ಖರ್ಚು, ನೋಟರಿ ಸಾಕು" ಅಂತ ಮಾಲೀಕರು ಹೇಳಿದರೆ ಒಪ್ಪಬೇಡಿ. ಗ್ಯಾಸ್ ಸಂಪರ್ಕ, ಆಧಾರ್ ವಿಳಾಸ, ಶಾಲೆ ಪ್ರವೇಶ ಎಲ್ಲಕ್ಕೂ ಆ ಕಾಗದ ಬೇಕು. ಡೆಪಾಸಿಟ್ ವಿಷಯದಲ್ಲಿ ಮಾತ್ರ ಬೆಂಗಳೂರಿನವರಿಗೆ ನೆಮ್ಮದಿ, ಅಲ್ಲಿ ಎರಡು ಮೂರು ತಿಂಗಳ ಬಾಡಿಗೆಯಷ್ಟು ಕೇಳುವುದು ರೂಢಿ.

ಗಾಡಿ ಇದ್ದರೆ ಹೊರಡುವ ಮೊದಲು ಆರ್‌ಟಿಒದಿಂದ ಎನ್‌ಒಸಿ ತೆಗೆದುಕೊಳ್ಳಿ, ಸಾಲವಿದ್ದರೆ ಬ್ಯಾಂಕಿನ ಪತ್ರವೂ ಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಹಾಕಿಸಲೇಬೇಕು. ಕರ್ನಾಟಕದಲ್ಲಿ ಕಟ್ಟಿದ ಜೀವಾವಧಿ ತೆರಿಗೆಯ ಉಳಿದ ಪಾಲನ್ನು ವಾಪಸ್ ಕೇಳಬಹುದು.

7. ಕೊಳ್ಳುವುದು ಒಂದು ಮಳೆಗಾಲ ಕಳೆದ ಮೇಲೆ

ಬಾಡಿಗೆ ಕಟ್ಟುವುದು ದಂಡ ಅನ್ನಿಸಿ ಬಂದ ವರ್ಷವೇ ಫ್ಲ್ಯಾಟ್ ಬುಕ್ ಮಾಡುವವರಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್ ಒಂದು ಸುತ್ತು ನೋಡಿ. 2024ರ ಜುಲೈನಲ್ಲಿ ಖಡಕವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿತು. ನದಿ ಪಕ್ಕದ ಜಾಗಕ್ಕೆ ನೀರಾವರಿ ಇಲಾಖೆಯ ನಕ್ಷೆಯಲ್ಲಿ ನೀಲಿ ಗೆರೆ, ಕೆಂಪು ಗೆರೆ ಅಂತ ಎರಡು ಪ್ರವಾಹದ ಗಡಿಗಳಿರುತ್ತವೆ. 2025ರ ಮೇನಲ್ಲಿ ಚಿಖಲಿಯಲ್ಲಿ ಇಂದ್ರಾಯಣಿ ನದಿಯ ನೀಲಿ ಗೆರೆಯೊಳಗೆ ಕಟ್ಟಿದ್ದ 36 ಬಂಗಲೆಗಳನ್ನು ಪಿಂಪ್ರಿ–ಚಿಂಚ್‌ವಡ್ ಪಾಲಿಕೆ ಕೆಡವಿತು. ನದಿಯ ನೋಟ ಇದೆ ಅಂತ ಮಾರುವವರನ್ನು ಮೊದಲು ಆ ನಕ್ಷೆ ಕೇಳಿ. ಕಟ್ಟಡ ಯೋಜನೆಗಳ ಮೇಲೆ ಕಣ್ಣಿಡುವ ಮಹಾರಾಷ್ಟ್ರದ ಪ್ರಾಧಿಕಾರ ಮಹಾರೇರಾದ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ, ಮುಗಿಸುವ ಗಡುವು ಎಷ್ಟು ಸಲ ಮುಂದೆ ಹೋಗಿದೆ ಅಂತಲೂ ನೋಡಿಕೊಳ್ಳಿ. ವಾಸಕ್ಕೆ ಯೋಗ್ಯ ಅಂತ ಪಾಲಿಕೆ ಕೊಡುವ ಪ್ರಮಾಣಪತ್ರ ಇಲ್ಲದ ಕಟ್ಟಡವಾದರೆ, ಎಷ್ಟೇ ಅಗ್ಗವಿರಲಿ, ಬಾಡಿಗೆ ಮನೆಯಲ್ಲೇ ಇನ್ನೊಂದು ವರ್ಷ ಇರಿ.