ಪೇಟೆಯಲ್ಲಿ ಸಿಕ್ಕರೆ ಮಾತಾಡಿಸೋದಿಲ್ಲ

ಶಿರಸಿಯಲ್ಲಿ ಆಪ್ತಸಮಾಲೋಚನೆಗೆ ಕೂತ ಮೇಲೆ ನನಗೆ ಮೊದಲು ಬಂದ ಹೆಸರು 'ಸೊಕ್ಕಿನವಳು'. ಎದುರಿಗೆ ಸಿಕ್ಕರೂ ಕಾಣದ ಹಾಗೆ ಹೋಗುತ್ತಾಳೆ ಅಂತ ದೂರು. ಹೌದು, ಹೋಗುತ್ತೇನೆ. ನನ್ನಲ್ಲಿಗೆ ಬಂದವರನ್ನು ನಾನಾಗಿ ಮಾತಾಡಿಸಿದರೆ ಅವರ ಪಕ್ಕದಲ್ಲಿರುವ ಅತ್ತೆ "ಇವರು ನಿಂಗೆ ಹ್ಯಾಂಗೆ ಪರಿಚಯ?" ಅಂತ ಕೇಳದೆ ಬಿಡುತ್ತಾರಾ? ಮಾರಿಕಾಂಬಾ ಜಾತ್ರೆಯಲ್ಲಿ ಒಮ್ಮೆ ಬಳೆ ಅಂಗಡಿ ಮುಂದೆ ಒಬ್ಬರ ಪಕ್ಕದಲ್ಲೇ ನಿಂತಿದ್ದೆ. ಹಿಂದಿನ ವಾರ ನನ್ನೆದುರು ಒಂದು ಗಂಟೆ ಅತ್ತವರು. ಇಬ್ಬರೂ ಸುಮ್ನೆ ಬಳೆ ನೋಡಿದೆವು. ಎರಡು ಡಜನ್ ಜಾಸ್ತಿಯೇ ಕೊಂಡೆ.

ಇದೆಲ್ಲ ಸುಲಭದ್ದು. ಎಡವಿದ್ದು ಬೇರೆ ಕಡೆ.

ಶುರುವಿನ ದಿನಗಳಲ್ಲಿ ಬಂದಿದ್ದ 15 ವರ್ಷದ ಹುಡುಗಿ. (ಗುರುತು ಹತ್ತಬಾರದು ಅಂತ ವಿವರ ಬದಲಿಸಿದ್ದೇನೆ.) ಮೂರನೇ ಸಲ ಬಂದಾಗ ಬಾಗಿಲ ಕಡೆ ನೋಡಿ, "ಯಾರಿಗೂ ಹೇಳಲ್ಲ ಅಲ್ವಾ ಅಕ್ಕಾ?" ಅಂದಳು. "ಯಾರಿಗೂ ಇಲ್ಲ" ಅಂದುಬಿಟ್ಟೆ. ಆಮೇಲೆ ಬಂದಿದ್ದು, ಮನೆಗೆ ಬಂದುಹೋಗುವ ನೆಂಟನೊಬ್ಬ ಅವಳ ಜೊತೆ ನಡೆದುಕೊಳ್ಳುತ್ತಿದ್ದ ರೀತಿ.

2012ರ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ) ಕಾಯ್ದೆಯ 19ನೇ ಕಲಮಿನಲ್ಲಿ ನಮಗೇನೂ ವಿನಾಯಿತಿ ಇಲ್ಲ. 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಇದು ಗೊತ್ತಿದ್ದೂ ಮಾತು ಕೊಟ್ಟಿದ್ದೆ.

ಪೊಲೀಸರಿಗೆ ತಿಳಿಸಲೇಬೇಕು ಅಂತ ಹೇಳಿದಾಗ ಅವಳು ಆಗಲೇ ಹಾಕಿದ್ದ ಬ್ಯಾಗಿನ ಜಿಪ್ಪನ್ನು ಮತ್ತೆ ಮತ್ತೆ ಎಳೆಯತೊಡಗಿದಳು. "ಹೇಳಲ್ಲ ಅಂದಿದ್ರಿ." ಕ್ಷಮೆ ಕೇಳಿದೆ. ಹೇಳಿಕೆ ತಗೊಳ್ಳಲು ಬರುವ ಪೊಲೀಸರು ಸಮವಸ್ತ್ರದಲ್ಲಿ ಇರುವಂತಿಲ್ಲ, ಸ್ಟೇಷನ್ನಿಗೇ ಹೋಗಬೇಕು ಅಂತಿಲ್ಲ, ಅಮ್ಮ ಜೊತೆಗೇ ಕೂರಬಹುದು ಅಂತ ಒಂದೊಂದಾಗಿ ಬಿಡಿಸಿ ಹೇಳಿದೆ. ಅಮ್ಮನಿಗೆ ಯಾರು ಹೇಳೋದು ಅನ್ನೋದನ್ನು ಅವಳಿಗೇ ಬಿಟ್ಟೆ. "ನೀವೇ ಹೇಳಿ" ಅಂದಳು. ಅಮ್ಮ ಕೇಳಿ, ತುಂಬ ಹೊತ್ತು ಸುಮ್ಮನಿದ್ದು, "ಮನೆಯೊಳಗೇ ಮುಗಿಸಿಕೊಳ್ತೇವೆ ಮೇಡಂ" ಅಂದರು. ಅವರ ಸಂಕಟ ಅರ್ಥವಾಯಿತು. ಆದರೂ ಅವತ್ತು ಸಂಜೆಯೇ ತಿಳಿಸಿದೆ. ಹುಡುಗಿ ಆಮೇಲೂ ನನ್ನಲ್ಲಿಗೆ ಬರುತ್ತಿದ್ದಳು, ಆದರೆ ನನ್ನ ಮುಖ ನೋಡಿ ಮಾತಾಡಲು ತಿಂಗಳುಗಳೇ ಬೇಕಾದವು.

ಈಗ ಯಾರೇ ಬಂದರೂ ಹೆಸರು ಕೇಳುವ ಮೊದಲೇ ಹೇಳುತ್ತೇನೆ: "ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ. ಆದರೆ ಯಾರದಾದರೂ ಜೀವಕ್ಕೆ ಅಪಾಯ ಅನ್ನಿಸಿದರೆ, ಮಕ್ಕಳಿಗೆ ತೊಂದರೆ ಆಗುತ್ತಿದ್ದರೆ, ನಾನು ಸುಮ್ಮನಿರುವ ಹಾಗಿಲ್ಲ. ಯಾರಿಗೆ ಹೇಳ್ತೇನೆ ಅನ್ನೋದನ್ನ ಮೊದಲು ನಿಮಗೇ ಹೇಳ್ತೇನೆ."

ಇದನ್ನು ಕೇಳಿ ಕಾಲೇಜು ಹುಡುಗನೊಬ್ಬ "ಯೋಚನೆ ಮಾಡಿ ಬರ್ತೇನೆ" ಅಂತ ಎದ್ದ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದ ಚೀಟಿ ಕೊಟ್ಟೆ, ಕಿಸೆಗೆ ಹಾಕಿಕೊಂಡ. ಮತ್ತೆ ಬರಲಿಲ್ಲ. ಮೊನ್ನೆ ಬಸ್ ನಿಲ್ದಾಣದಲ್ಲಿ ಕಂಡ, ಸ್ನೇಹಿತರ ಜೊತೆ. ಹೇಗಿದ್ದೀಯಾ ಅಂತ ಕೇಳಬೇಕು ಅನ್ನಿಸಿತು. ಬಸ್ಸಿನ ಬೋರ್ಡು ಓದುತ್ತ ನಿಂತೆ.