ರೂಪಾಯಿ ಬೇಡ, ಕೊರುನಾದಲ್ಲೇ ಹಾಕಿ: ವಿದೇಶದಲ್ಲಿ ಕ್ರೆಡಿಟ್ ಕಾರ್ಡ್ ಬಳಸಿದ ನನ್ನ ಅನುಭವ

ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಜೆಕ್ ಗಣರಾಜ್ಯದ ಬ್ರ್ನೋ ನಗರದಲ್ಲಿ ನಡೆಯುವ ಅಂತಾರಾಷ್ಟ್ರೀಯ ಎಂಜಿನಿಯರಿಂಗ್ ಮೇಳಕ್ಕೆ ನಮ್ಮ ಮಾಲೀಕರು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ವಿಯೆನ್ನಾದಲ್ಲಿ ವಿಮಾನ ಇಳಿದು, ಅಲ್ಲಿಂದ ರೈಲಿನಲ್ಲಿ ಬ್ರ್ನೋ, ಅನಂತರ ಪ್ರಾಗ್, ಕೊನೆಗೆ ಬುಡಾಪೆಸ್ಟ್ ಎಂದು ನಮ್ಮ ದಾರಿ. ಆಸ್ಟ್ರಿಯಾದಲ್ಲಿ ಯೂರೋ, ಜೆಕ್ ನೆಲದಲ್ಲಿ ಕೊರುನಾ, ಹಂಗೇರಿಯಲ್ಲಿ ಫೋರಿಂಟ್. ಮೂರು ದೇಶಗಳಲ್ಲೂ ಕಾರ್ಡ್ ಯಂತ್ರ ನಮ್ಮ ಮುಂದೆ ಇಟ್ಟ ಪ್ರಶ್ನೆ ಒಂದೇ ಆಗಿತ್ತು: ಹಣವನ್ನು ರೂಪಾಯಿಯಲ್ಲಿ ಕೊಡುವಿರೋ, ಇಲ್ಲಿನ ಹಣದಲ್ಲಿ ಕೊಡುವಿರೋ? ಪ್ರತಿ ಸಲವೂ ಆಯಾ ಊರಿನ ಹಣವನ್ನೇ ಆರಿಸಿಕೊಂಡೆವು. ಹಾಗೆ ಮಾಡುವುದು ಏಕೆ ಲಾಭ, ಅದಕ್ಕಾಗಿ ಬೆಂಗಳೂರಿನಲ್ಲೇ ಏನೇನು ಸಿದ್ಧಮಾಡಿಕೊಂಡಿದ್ದೆವು ಎಂಬುದನ್ನು ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ಭಾರತದ ಬ್ಯಾಂಕೊಂದು ಕೊಟ್ಟ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಾರ್ಡಿನಿಂದ ಪ್ರಾಗ್‌ನಲ್ಲಿ ಕೊರುನಾದಲ್ಲಿ ಪಾವತಿ ಮಾಡಿದರೆ, ಅದನ್ನು ರೂಪಾಯಿಗೆ ಬದಲಾಯಿಸುವ ದರವನ್ನು ಆ ಕಾರ್ಡ್ ಜಾಲವೇ ನಿಗದಿಪಡಿಸುತ್ತದೆ. ಈ ದರ ಮಾರುಕಟ್ಟೆಯ ದರಕ್ಕೆ ಸಾಕಷ್ಟು ಹತ್ತಿರವಿರುತ್ತದೆ, ಮತ್ತು ಎರಡೂ ಜಾಲಗಳ ಜಾಲತಾಣಗಳಲ್ಲಿ ಯಾರು ಬೇಕಾದರೂ ಅದನ್ನು ನೋಡಬಹುದು. ಅದರ ಮೇಲೆ ನಮ್ಮ ಬ್ಯಾಂಕು ಮಾರ್ಕಪ್ ಎಂಬ ಶುಲ್ಕ ಹಾಕುತ್ತದೆ. ಬಹುತೇಕ ಸಾಮಾನ್ಯ ಕಾರ್ಡ್‌ಗಳಲ್ಲಿ ಇದು ಶೇ. 3.5. ಈ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಸೇರುವುದರಿಂದ ನಿಜವಾಗಿ ನಮ್ಮ ಕೈಯಿಂದ ಹೋಗುವುದು ಶೇ. 4.13. ದುಬಾರಿ ವಾರ್ಷಿಕ ಶುಲ್ಕದ ಕಾರ್ಡ್‌ಗಳಲ್ಲಿ ಮಾರ್ಕಪ್ ಶೇ. 2ರ ಆಸುಪಾಸಿಗೆ ಇಳಿಯುತ್ತದೆ; ಮಾರ್ಕಪ್ಪೇ ಇಲ್ಲದ ಕಾರ್ಡ್‌ಗಳೂ ಈಚಿನ ವರ್ಷಗಳಲ್ಲಿ ಬಂದಿವೆ.

ಯಂತ್ರದಲ್ಲಿ ರೂಪಾಯಿಯನ್ನು ಆರಿಸಿಕೊಂಡರೆ ನಡೆಯುವುದೇ ಬೇರೆ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಚಿಕ್ಕದಾಗಿ ಡಿಸಿಸಿ ಎನ್ನುತ್ತಾರೆ. ಇಲ್ಲಿ ಕೊರುನಾವನ್ನು ರೂಪಾಯಿಗೆ ಬದಲಾಯಿಸುವುದು ಕಾರ್ಡ್ ಜಾಲವಲ್ಲ. ಅಂಗಡಿಯ ಯಂತ್ರವನ್ನು ನಡೆಸುವ ಸಂಸ್ಥೆ ತಾನೇ ಇಟ್ಟ ದರದಲ್ಲಿ ಅಲ್ಲೇ ಬದಲಾಯಿಸಿಬಿಡುತ್ತದೆ. ಆ ದರದೊಳಗೆ ಅದರ ಲಾಭ ಅಡಗಿರುತ್ತದೆ, ಮತ್ತು ಆ ಲಾಭದಲ್ಲಿ ಅಂಗಡಿಯವನಿಗೂ ಪಾಲು ಸಿಗುವುದುಂಟು. ಎದುರಿಗೆ ನಿಂತವರು ಅಷ್ಟು ಉತ್ಸಾಹದಿಂದ ರೂಪಾಯಿಯನ್ನೇ ಸೂಚಿಸುವುದಕ್ಕೆ ಇದೂ ಒಂದು ಕಾರಣ. ರೂಪಾಯಿಯಲ್ಲಿ ಕೊಟ್ಟರೆ ನಮ್ಮ ಬ್ಯಾಂಕಿನ ಶುಲ್ಕವಾದರೂ ತಪ್ಪುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ವಿದೇಶದಲ್ಲಿ ನಡೆದ ರೂಪಾಯಿ ವ್ಯವಹಾರದ ಮೇಲೂ ನಮ್ಮ ಅನೇಕ ಬ್ಯಾಂಕುಗಳು ಶೇ. 1 ಅಥವಾ ಅದಕ್ಕಿಂತ ಹೆಚ್ಚು ಶುಲ್ಕವನ್ನು ಜಿಎಸ್‌ಟಿಯೊಂದಿಗೆ ವಸೂಲಿ ಮಾಡುತ್ತವೆ. ಕಾರ್ಡಿನ ಶುಲ್ಕಪಟ್ಟಿಯನ್ನು ಕೊನೆಯ ಪುಟದವರೆಗೆ ಓದಿದರೆ ಈ ಸಾಲು ಸಿಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಬಿಲ್ಲು 2500 ಕೊರುನಾ, ಜಾಲದ ದರ ಕೊರುನಾಕ್ಕೆ 3.60 ರೂಪಾಯಿ ಎಂದಿಟ್ಟುಕೊಳ್ಳಿ. ಮೂಲ ಮೊತ್ತ 9000 ರೂಪಾಯಿ. ಕೊರುನಾದಲ್ಲಿ ಕೊಟ್ಟರೆ ಮಾರ್ಕಪ್ 315, ಜಿಎಸ್‌ಟಿ 56.70, ಒಟ್ಟು 9371.70. ರೂಪಾಯಿಯಲ್ಲಿ ಕೊಟ್ಟು, ಯಂತ್ರ ಶೇ. 6ರಷ್ಟು ಏರಿಸಿದ ದರ ಹಾಕಿದರೆ 9540. ಅದರ ಮೇಲೆ ನಮ್ಮ ಬ್ಯಾಂಕಿನ ಶೇ. 1 ಮತ್ತು ಜಿಎಸ್‌ಟಿ ಸೇರಿ 9652.57. ಒಂದೇ ಬಿಲ್ಲಿನಲ್ಲಿ 281 ರೂಪಾಯಿಯ ಅಂತರ. ಮಾರ್ಕಪ್ ಇಲ್ಲದ ಕಾರ್ಡ್‌ನಲ್ಲಿ ಕೊರುನಾವನ್ನೇ ಆರಿಸಿದ್ದರೆ 9000ಕ್ಕೇ ಮುಗಿಯುತ್ತಿತ್ತು. ಅಂಥ ಕಾರ್ಡ್ ಹಿಡಿದುಕೊಂಡು ರೂಪಾಯಿಯ ಗುಂಡಿ ಒತ್ತಿದರೆ ಕಾರ್ಡಿನಿಂದ ಸಿಗಬೇಕಾಗಿದ್ದ ಪ್ರಯೋಜನವೆಲ್ಲ ಅಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಒಳ್ಳೆಯ ಕಾರ್ಡ್ ಇರುವವರು ಈ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರದಿಂದಿರಬೇಕು.

ಹೊರಡುವ ಮೊದಲು ನಾವು ಎರಡು ಬೇರೆ ಬೇರೆ ಬ್ಯಾಂಕುಗಳ, ಎರಡು ಬೇರೆ ಜಾಲಗಳ ಕಾರ್ಡ್‌ಗಳನ್ನು ಆರಿಸಿಕೊಂಡೆವು. ಒಂದು ಎಲ್ಲೋ ಕೈಕೊಟ್ಟರೆ ಇನ್ನೊಂದಿರಲಿ ಎಂಬ ಯೋಚನೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಮುಚ್ಚಿರುತ್ತದೆ. ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆಯಬೇಕು. ಅಂಗಡಿ, ಎಟಿಎಂ, ಆನ್‌ಲೈನ್, ಕಾಂಟ್ಯಾಕ್ಟ್‌ಲೆಸ್ ಪ್ರತಿಯೊಂದಕ್ಕೂ ಪ್ರತ್ಯೇಕ ಸ್ವಿಚ್ಚು, ಪ್ರತ್ಯೇಕ ಮಿತಿ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ಹಣ ತೆಗೆಯುವ ಉದ್ದೇಶ ಇರಲಿಲ್ಲವಾದ್ದರಿಂದ ಆ ಒಂದನ್ನು ಮುಚ್ಚಿಯೇ ಇಟ್ಟೆವು. ಪಿನ್ ನೆನಪಿದೆಯೇ ಎಂದು ಇಲ್ಲೇ ಪೆಟ್ರೋಲ್ ಬಂಕಿನಲ್ಲಿ ಬಳಸಿ ಖಾತ್ರಿ ಮಾಡಿಕೊಂಡೆವು, ಏಕೆಂದರೆ ಟಿಕೆಟ್ ಯಂತ್ರದಂಥ ಜನರಿಲ್ಲದ ಕಡೆ ಪಿನ್ ಇಲ್ಲದೆ ಕೆಲಸ ನಡೆಯದೆ ಹೋಗಬಹುದು. ಆನ್‌ಲೈನ್ ಪಾವತಿಯ ಒಟಿಪಿ ಬರುವುದಕ್ಕಾಗಿ ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸಿದ್ದೆವು.

ಪ್ರಾಗ್‌ನ ಹೋಟೆಲಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೋಣೆ ಖಾಲಿ ಮಾಡುವ ಬೆಳಗ್ಗೆ ಸ್ವಾಗತದ ಮೇಜಿನಲ್ಲಿದ್ದ ಯುವತಿ ಕಾರ್ಡ್ ಅನ್ನು ತಾನೇ ಯಂತ್ರಕ್ಕೆ ಸೇರಿಸಿ, ಪರದೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡು ಏನನ್ನೋ ಒತ್ತಿ, ಅನಂತರ ಪಿನ್ ಹಾಕಲು ನಮ್ಮ ಕಡೆ ತಳ್ಳಿದಳು. ಪರದೆಯಲ್ಲಿ ದೊಡ್ಡ ಅಕ್ಷರದಲ್ಲಿ ಐಎನ್‌ಆರ್ ಎಂದೂ ಅದರ ಮುಂದೆ ಮೊತ್ತವೂ ಇತ್ತು. ಕೊರುನಾದ ಮೊತ್ತ ಮತ್ತು ವಿನಿಮಯ ದರ ಕೆಳಗೆ ಸಣ್ಣದಾಗಿದ್ದವು. ಮಾಲೀಕರು, "ರೂಪಾಯಿಯಲ್ಲೇ ತೋರಿಸುತ್ತಿದೆಯಲ್ಲ, ಲೆಕ್ಕಕ್ಕೂ ಸುಲಭ, ಹಾಕಿಬಿಡಲೇ?" ಎಂದು ಕೇಳಿದರು. "ಬೇಡ ಸರ್, ಪಿನ್ ಹಾಕಬೇಡಿ" ಎಂದು ಹೇಳಿ, ಆ ಯುವತಿಗೆ ಇದನ್ನು ರದ್ದುಮಾಡಿ ಕೊರುನಾದಲ್ಲಿ ಹಾಕಬೇಕೆಂದು ಕೇಳಿಕೊಂಡೆ. ಭಾರತದ ಕಾರ್ಡ್ ಆಗಿರುವುದರಿಂದ ನಿಮ್ಮ ಅನುಕೂಲಕ್ಕಾಗಿಯೇ ಹೀಗೆ ಮಾಡಿದೆ ಎಂದು ಅವಳು ಹೇಳಿದಳು. ಯಾವ ಹಣ ಎಂಬುದನ್ನು ಆರಿಸುವವರು ಕಾರ್ಡ್‌ದಾರರು, ಅಂಗಡಿಯವರಲ್ಲ ಎಂಬುದು ಕಾರ್ಡ್ ಜಾಲಗಳದೇ ನಿಯಮ. ಅದನ್ನು ಮೃದುವಾಗಿ ಹೇಳಿದ ಮೇಲೆ ಅವಳು ಕೆಂಪು ಗುಂಡಿ ಒತ್ತಿ ಮೊದಲಿನಿಂದ ಮಾಡಿದಳು. ಎರಡನೆಯ ಸಲ ಪರದೆಯಲ್ಲಿ ಕೊರುನಾವನ್ನು ಸೂಚಿಸುವ ಸಿಝಡ್‌ಕೆ ಎಂಬ ಅಕ್ಷರಗಳನ್ನು ನೋಡಿದ ಮೇಲೆಯೇ ಪಿನ್ ಹಾಕಿದೆವು, ಮತ್ತು ಮೊದಲಿನದು ರದ್ದಾಯಿತೆಂಬ ಚೀಟಿಯನ್ನೂ ಕೇಳಿ ಪಡೆದೆವು.

ಪಿನ್ ಹಾಕುವವರೆಗೆ ಎಲ್ಲವೂ ನಮ್ಮ ಕೈಯಲ್ಲಿದೆ. ಹಾಕಿದ ಮೇಲೆ ಮುದ್ರಣವಾಗುವ ಚೀಟಿಯಲ್ಲಿ, ಗ್ರಾಹಕರಿಗೆ ಆಯ್ಕೆ ಕೊಡಲಾಗಿತ್ತು, ಅವರು ಒಪ್ಪಿದ್ದಾರೆ, ಈ ಆಯ್ಕೆಯೇ ಅಂತಿಮ ಎಂಬ ಅರ್ಥದ ಸಾಲೊಂದು ಇರುತ್ತದೆ. ಆಮೇಲೆ ವಾದಿಸುವುದು ಕಷ್ಟ. ಆದರೂ ಕೇಳದೆಯೇ ರೂಪಾಯಿ ಹಾಕಿಬಿಟ್ಟಿದ್ದರೆ ನಮ್ಮ ಬ್ಯಾಂಕಿಗೆ ತಕರಾರು ಸಲ್ಲಿಸುವ ದಾರಿ ಇದೆ. ಅದಕ್ಕೆ ಆ ಚೀಟಿಯೇ ಬೇಕಾಗುವುದರಿಂದ ಚೀಟಿಯನ್ನು ಎಸೆಯಬಾರದು.

ಜೆಕ್ ನೆಲದಲ್ಲಿ ಇನ್ನೊಂದು ವಿಷಯಕ್ಕೂ ಗಮನ ಕೊಡಬೇಕಾಯಿತು. ಪ್ರವಾಸಿಗರು ಹೆಚ್ಚು ಬರುವ ಕೆಲವು ಅಂಗಡಿಗಳಲ್ಲಿ ಬೆಲೆಯನ್ನು ಯೂರೋದಲ್ಲೂ ಬರೆದಿರುತ್ತಾರೆ. ಕಾರ್ಡ್ ರೂಪಾಯಿಯದು, ದೇಶದ ಹಣ ಕೊರುನಾ, ನಡುವೆ ಯೂರೋ ಬಂದರೆ ಅಂಗಡಿಯವನು ಇಟ್ಟ ದರ ಒಂದು, ಕಾರ್ಡಿನ ದರ ಇನ್ನೊಂದು ಹೀಗೆ ಎರಡು ಕಡೆ ನಷ್ಟ. ಬೆಲೆಪಟ್ಟಿಯಲ್ಲಿ ಕೊರುನಾ ಎಷ್ಟೆಂದು ಕೇಳಿಯೇ ಕೊಂಡೆವು. ಟ್ರಾಮ್‌ನ ಒಳಗಿರುವ ಯಂತ್ರಕ್ಕೆ ಕಾರ್ಡ್ ತಾಗಿಸಿ ಟಿಕೆಟ್ ಪಡೆದಾಗ ಮಾತ್ರ ಯಾವ ಪ್ರಶ್ನೆಯೂ ಬರಲಿಲ್ಲ, ನೇರವಾಗಿ ಕೊರುನಾದಲ್ಲೇ ಹೋಯಿತು.

ನಗದಿನ ಅಗತ್ಯ ಕಡಿಮೆಯಿದ್ದರೂ ಇರಲಿಲ್ಲ ಎನ್ನಲಾಗದು. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ: ತೆಗೆದ ಮೊತ್ತದ ಮೇಲೆ ಪ್ರತ್ಯೇಕ ಶುಲ್ಕ, ಅದರ ಮೇಲೆ ಮಾರ್ಕಪ್, ಜೊತೆಗೆ ತೆಗೆದ ದಿನದಿಂದಲೇ ಬಡ್ಡಿ. ಅದಕ್ಕಾಗಿ ಡೆಬಿಟ್ ಕಾರ್ಡ್ ಅಥವಾ ಮೊದಲೇ ವಿದೇಶಿ ಹಣ ತುಂಬಿಸಿಟ್ಟ ಫಾರೆಕ್ಸ್ ಕಾರ್ಡ್ ಇಟ್ಟುಕೊಳ್ಳುವುದು ಒಳ್ಳೆಯದು. ಎಟಿಎಂನಲ್ಲಿ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿ ಬರುತ್ತವೆ ಎಂಬುದನ್ನು ನೆನಪಿಡಬೇಕು. ಮೊದಲನೆಯದು ಯಂತ್ರದ ಶುಲ್ಕ. ಒಪ್ಪದಿದ್ದರೆ ಹಣ ಬರುವುದಿಲ್ಲ, ಬೇರೆ ಬ್ಯಾಂಕಿನ ಯಂತ್ರ ಹುಡುಕಬೇಕು. ಎರಡನೆಯದು ರೂಪಾಯಿಗೆ ಪರಿವರ್ತನೆ, ಇದನ್ನು ಒಪ್ಪದಿದ್ದರೂ ಹಣ ಬರುತ್ತದೆ. ನಿರಾಕರಿಸುವ ಗುಂಡಿ ಒತ್ತಿದರೆ ವ್ಯವಹಾರವೇ ರದ್ದಾದೀತೆಂಬ ಭಯ ಹುಟ್ಟಿಸುವಂತೆ ಆ ಪರದೆಯ ಮಾತುಗಳಿರುತ್ತವೆ. ಅದನ್ನೇ ಒತ್ತಿದೆವು, ನೋಟುಗಳು ಬಂದವು. ಇನ್ನು ನೋಟು ಬದಲಾಯಿಸುವ ಅಂಗಡಿಗಳ ವಿಷಯದಲ್ಲಿ ಜೆಕ್ ಕಾನೂನು ಗ್ರಾಹಕರ ಪರವಾಗಿದೆ: 2019ರಿಂದ, 1000 ಯೂರೋವರೆಗಿನ ವಿನಿಮಯವನ್ನು 3 ಗಂಟೆಯೊಳಗೆ ಚೀಟಿ ತೋರಿಸಿ ರದ್ದು ಮಾಡಿಸಬಹುದು. ಕಾರ್ಡ್ ಯಂತ್ರದಲ್ಲಿ ಒಪ್ಪಿದ ಪರಿವರ್ತನೆಗೆ ಇಂಥ ರಕ್ಷಣೆಯೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಮನೆಯಲ್ಲಿ ಕುಳಿತು ಮಾಡುವ ಪಾವತಿಗಳಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ವಿದೇಶಿ ಹೋಟೆಲ್ ಅಥವಾ ರೈಲಿನ ಜಾಲತಾಣ ಬೆಲೆಯನ್ನು ರೂಪಾಯಿಯಲ್ಲಿ ತೋರಿಸಿದ ಮಾತ್ರಕ್ಕೆ ಅದು ದೇಶೀಯ ವ್ಯವಹಾರವಾಗುವುದಿಲ್ಲ. ಹಣ ಪಡೆಯುವ ಸಂಸ್ಥೆ ವಿದೇಶದಲ್ಲಿ ನೋಂದಣಿಯಾಗಿದ್ದರೆ ಮೇಲೆ ಹೇಳಿದ ಶೇ. 1ರ ಶುಲ್ಕ ಬೀಳಬಹುದು. ಪಾವತಿಯ ಪುಟದಲ್ಲಿ ಹಣದ ಆಯ್ಕೆ ಇದ್ದರೆ ಅಲ್ಲಿಯೂ ಆ ದೇಶದ್ದನ್ನೇ ಇಟ್ಟುಕೊಂಡೆ.

ಹಿಂದಿರುಗಿದ ಮೇಲೆ ಸ್ಟೇಟ್‌ಮೆಂಟ್ ಬಂದಾಗ ಚೀಟಿಗಳನ್ನೆಲ್ಲ ಹರಡಿಕೊಂಡು ಒಂದೊಂದನ್ನೇ ತಾಳೆ ನೋಡಿದೆ. ಸ್ಥಳೀಯ ಹಣದಲ್ಲಿ ಕೊಟ್ಟ ಪ್ರತಿ ಸಾಲಿನಲ್ಲೂ ಕೊರುನಾ ಅಥವಾ ಫೋರಿಂಟ್ ಮೊತ್ತ ಪಕ್ಕದಲ್ಲೇ ಇತ್ತು; ಆ ಮೊತ್ತ ಕಾಣದೆ ಬರೀ ರೂಪಾಯಿ ಇರುವ ವಿದೇಶಿ ಸಾಲು ಕಂಡರೆ ಅಲ್ಲಿ ಡಿಸಿಸಿ ಆಗಿದೆಯೇ ಎಂದು ವಿಚಾರಿಸಬೇಕು. ಅನ್ವಯವಾಗುವ ಜಾಲದ ದರ ಹಲವು ಸಲ ವ್ಯವಹಾರ ಬ್ಯಾಂಕಿಗೆ ತಲುಪಿ ಲೆಕ್ಕಕ್ಕೆ ಸೇರಿದ ದಿನದ್ದಾಗಿರುವುದರಿಂದ, ಕಾರ್ಡ್ ಬಳಸಿದ ದಿನದ ದರಕ್ಕೂ ಇದಕ್ಕೂ ಸ್ವಲ್ಪ ವ್ಯತ್ಯಾಸವಿರಬಹುದು, ಅದು ತಪ್ಪಲ್ಲ. ಕೆಲವು ಬ್ಯಾಂಕುಗಳು ಮಾರ್ಕಪ್ಪನ್ನು ಪ್ರತ್ಯೇಕ ಸಾಲಾಗಿ ತೋರಿಸಿದರೆ, ಕೆಲವು ಮೊತ್ತದೊಳಗೇ ಸೇರಿಸಿ ಜಿಎಸ್‌ಟಿಯನ್ನಷ್ಟೇ ಬೇರೆಯಾಗಿ ತೋರಿಸುತ್ತವೆ. ಆ ಜಿಎಸ್‌ಟಿ ಮೊತ್ತವನ್ನು 0.18ರಿಂದ ಭಾಗಿಸಿದರೆ ಬ್ಯಾಂಕು ತೆಗೆದುಕೊಂಡ ಶುಲ್ಕ ಎಷ್ಟೆಂಬುದು ಸಿಗುತ್ತದೆ, ಮತ್ತು ಅದನ್ನು ಶುಲ್ಕಪಟ್ಟಿಯ ಶೇಕಡಾವಾರಿನೊಂದಿಗೆ ಹೋಲಿಸಿ ನೋಡಬಹುದು. ನಮ್ಮ ಎರಡೂ ಕಾರ್ಡ್‌ಗಳ ಲೆಕ್ಕ ಹೀಗೆ ಸರಿಹೊಂದಿದ ಮೇಲೆ ಆ್ಯಪ್ ತೆರೆದು ವಿದೇಶಿ ಬಳಕೆಯ ಸ್ವಿಚ್ಚುಗಳನ್ನು ಮತ್ತೆ ಮುಚ್ಚಿದೆ.